ನಾನೂರಕ್ಕನ ನೂರೇಳು ಕೂದಲು

ಬೆಳಿಗ್ಗೆ ಆರೂವರೆಗೆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡಾಗ ಉದುರಿದ್ದು ಬರೇ ಮೂವತ್ತೊಂದು ಕೂದಲು. ನಾನೂರಕ್ಕನಿಗೆ ಅಳುವೇ ಬಂತು.

ಒಂದೂವರೆ ವರ್ಷದಿಂದ ಬಾಚಣಿಗೆ ಆಡಿಸಿದರೆ ಸಾಕು, ಹಕ್ಕಿಯೊಂದು ಗೂಡು ಕಟ್ಟುವಷ್ಟು ಕೈಗೆ ಬರುತ್ತಿತ್ತು. ಬಚ್ಚಲ ತೂತು ವಾರಕ್ಕೆರಡು ಸಲ ಕಟ್ಟಿಕೊಳ್ಳುತ್ತಿತ್ತು. ಬೇಡ ಬೇಡ ಅಂದಾಗಲೆಲ್ಲ ಹಾಗೆ ಸುರಿದದ್ದು, ಬೇಕು ಅಂದ ಒಂದೇ ಒಂದು ದಿನ ಕೈಕೊಟ್ಟಿತು. ಕೆಟ್ಟ ಗಡಿಯಾರ ರಿಪೇರಿಯವನ ಮೇಜಿನ ಮೇಲಿಟ್ಟ ಕೂಡಲೇ ಟಿಕ್ ಟಿಕ್ ಅನ್ನುತ್ತದಲ್ಲ, ಹಾಗೆ.

ಬೇಕಾಗಿದ್ದದ್ದು ನೂರಕ್ಕೂ ಹೆಚ್ಚು. ಚರ್ಮದ ಡಾಕ್ಟರು ಹೇಳಿದ್ದು ಹಾಗೆ. ಮೊದಲ ಸಲ ಹೋದಾಗ ಅವರು ರಕ್ತ ತೆಗೆಸಿದ್ದರು. ಕಬ್ಬಿಣಾಂಶ ಸರಿಯಿತ್ತು, ಥೈರಾಯ್ಡ್ ಸರಿಯಿತ್ತು, ಸರಿಯಿಲ್ಲದ್ದು ನಾನೂರಕ್ಕನ ಮುಖ ಮಾತ್ರ. ಎರಡನೇ ಸಲ ಹೋದಾಗ ಬೈತಲೆಯ ಮೇಲೆ ಬೆಳಕು ಬಿಟ್ಟು ನೋಡಿ, "ಸ್ವಲ್ಪ ಅಗಲ ಇದೆ. ಆದ್ರೆ ಮೊದಲು ಎಷ್ಟಿತ್ತು ಅಂತ ನನಗೇನು ಗೊತ್ತಮ್ಮಾ? ದಿನಕ್ಕೆ ನೂರರವರೆಗೆ ಎಲ್ಲರಿಗೂ ಉದುರುತ್ತೆ. ಬೆಳಿಗ್ಗೆ ಎದ್ದಾಗ ದಿಂಬಿನ ಮೇಲಿರೋದ್ರಿಂದ ಹಿಡಿದು ನನ್ನ ಹತ್ರ ಬರೋವರೆಗೆ ಉದುರಿದ್ದನ್ನ ಒಂದೂ ಬಿಡದೆ ಕವರಲ್ಲಿ ಹಾಕಿ ತನ್ನಿ. ನೂರು ದಾಟಿದ್ರೆ ಔಷಧಿ ಶುರು ಮಾಡೋಣ. ದಾಟದಿದ್ರೆ ಅದು ನಿಮ್ಮ ಚಿಂತೆ ಅಷ್ಟೆ," ಅಂದಿದ್ದರು. ಅವರ ಸರದಿ ಮತ್ತೆ ಸಿಗುವುದಕ್ಕೆ ಮೂರು ತಿಂಗಳು ಹಿಡಿಯಿತು. ಸಿಕ್ಕಿದ್ದು ಈ ದಿನ ಸಂಜೆ ಐದು ಗಂಟೆಗೆ.

ಅವಳನ್ನು ನಾನೂರಕ್ಕ ಅನ್ನುವುದಕ್ಕೆ ಕಾರಣ ಅವಳ ಕೆಲಸ. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಅವಳು ಎಣಿಕೆಯವಳು. ಒಂದೊಂದು ಮಾದರಿಯಿಂದಲೂ ಚಿಮಟದಲ್ಲಿ ನಾನೂರು ಬೀಜ ಹೆಕ್ಕಿ, ಒದ್ದೆ ಕಾಗದದ ಮೇಲೆ ಸಾಲಾಗಿ ಜೋಡಿಸಬೇಕು. ಆಮೇಲೆ ಎಷ್ಟು ಮೊಳೆತವು ಎಂದು ಬೇರೆಯವರು ನೋಡುತ್ತಾರೆ. ಹದಿನೆಂಟು ವರ್ಷದಲ್ಲಿ ಅವಳು ಒಂದು ಬೀಜ ಹೆಚ್ಚೂ ಇಟ್ಟವಳಲ್ಲ, ಕಡಿಮೆಯೂ ಇಟ್ಟವಳಲ್ಲ. ಅಂಥವಳು "ನನ್ನ ಕೂದಲು ಹೋಗ್ತಿದೆ" ಅಂದರೆ ಮಾತ್ರ ಯಾರೂ ನಂಬುತ್ತಿರಲಿಲ್ಲ.

ಮೊದಲು ಎರಡು ಸುತ್ತು ಬರುತ್ತಿದ್ದ ರಬ್ಬರ್ ಬ್ಯಾಂಡು ಈಗ ಐದು ಸುತ್ತು ಬರುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರುತ್ತಿರಲಿಲ್ಲ, ಕೂತರೆ ನಿಂತವರು ಮೇಲಿನಿಂದ ನೆತ್ತಿ ನೋಡುತ್ತಾರೆ. ಟ್ಯೂಬ್‌ಲೈಟಿನ ಕೆಳಗೆ ನಿಲ್ಲುವುದನ್ನೇ ಬಿಟ್ಟಿದ್ದಳು. ಅಂದ ಹೋಯಿತಲ್ಲ ಅನ್ನುವ ದುಃಖ ಇರಲಿಲ್ಲವೆಂದಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದು ಇತ್ತು: ದಿನಾ ಒಂದು ಹಿಡಿ ತಾನು ಕಡಿಮೆಯಾಗುತ್ತಿದ್ದೇನೆ, ಮತ್ತು ಅದನ್ನು ಕಂಡವರು ಈ ಪ್ರಪಂಚದಲ್ಲಿ ತಾನೊಬ್ಬಳೇ.

"ಎಲ್ಲಿ? ನನಗೇನೂ ಕಾಣ್ತಿಲ್ಲಪ್ಪ," ಅನ್ನುತ್ತಿದ್ದ ಗಂಡ. ತಟ್ಟೆಯಲ್ಲಿ ಒಂದೇ ಒಂದು ಕೂದಲಿದ್ದರೆ ಮಾರು ದೂರದಿಂದ ಕಾಣುವ ಆ ಕಣ್ಣಿಗೆ, ಹೆಂಡತಿಯ ತಲೆಯಲ್ಲಿ ಇಲ್ಲದ ಸಾವಿರ ಕೂದಲು ಕಾಣುತ್ತಿರಲಿಲ್ಲ.

ಇವತ್ತು ಮೂವತ್ತೊಂದನ್ನು ಎಣಿಸಿ, ಪ್ರಯೋಗಾಲಯದಿಂದ ತಂದಿದ್ದ ಕಂದು ಕವರಿಗೆ ಹಾಕಿ, ದಿಂಬಿನ ಮೇಲಿನದನ್ನು ಹೆಕ್ಕೋಣ ಎಂದು ಕೋಣೆಗೆ ಓಡಿದಳು. ದಿಂಬು ಬೋಳಾಗಿತ್ತು.

"ಅತ್ತೇ, ದಿಂಬಿನ ಚೀಲ ಎಲ್ಲಿ?"

"ಈಗ ತಾನೇ ಕಿಟಕಿಯಿಂದ ಕೊಡವಿ ಒಗೆಯೋಕೆ ಹಾಕ್ದೆ. ಏನದು ಕೂದಲು, ಕರಡಿ ಮಲಗಿ ಎದ್ದ ಹಾಗಿತ್ತು!"

"ಅಯ್ಯೋ ಅತ್ತೆ, ಅದು ನನಗೆ ಬೇಕಾಗಿತ್ತು!"

"ಬೇಕಾಗಿದ್ರೆ ತಲೆ ಮೇಲೇ ಇಟ್ಕೋಬೇಕಿತ್ತು," ಅಂದರು ಅತ್ತೆ. "ನನಗೆ ನಾಲ್ಕು ಹೆರಿಗೆ ಆಯ್ತು. ಒಂದು ಕೂದಲು ಅಲ್ಲಾಡ್ಲಿಲ್ಲ. ಈಗಿನವರಿಗೆ ಉಗುರು ಮುರಿದ್ರೂ ಡಾಕ್ಟ್ರು."

ನಾನೂರಕ್ಕ ಎರಡು ಮಹಡಿ ಇಳಿದು ಕಿಟಕಿಯ ನೇರಕ್ಕೆ ಬೀದಿಯಲ್ಲಿ ಬಗ್ಗಿ ಹುಡುಕತೊಡಗಿದಳು. ಕೆಳಮನೆಯಾಕೆ ನಾಯಿಯ ಹಗ್ಗ ಹಿಡಿದು ನಿಂತಿದ್ದವಳು, "ಏನ್ ಕಳ್ಕೊಂಡ್ರಿ? ಉಂಗುರಾನಾ?" ಅಂದಳು.

"ಕೂದಲು."

ಕೆಳಮನೆಯಾಕೆ ಒಳ್ಳೆಯ ಹೆಂಗಸು. ಕಳೆದುಕೊಂಡವರನ್ನು ಕಂಡರೆ ಏನು ಯಾಕೆ ಎಂದು ಕೇಳದೆ ತಾನೂ ಬಗ್ಗುವ ಜಾತಿ. "ಈರುಳ್ಳಿ ರಸ ಹಚ್ಚಿ, ಒಂದೇ ವಾರ," ಅನ್ನುತ್ತ ಗೋಡೆಯ ಬುಡ, ಗಿಡದ ಕುಂಡ, ಚರಂಡಿಯ ಅಂಚು ಎಲ್ಲ ತಡಕಾಡಿ ಹನ್ನೆರಡು ಕೂದಲು ತಂದುಕೊಟ್ಟಳು. ನಾನೂರಕ್ಕ ಬೆಳಕಿಗೆ ಹಿಡಿದು ನೋಡಿದಳು. ಎಂಟು ನಾಯಿಯವು. ಉಳಿದ ನಾಲ್ಕನ್ನು ಕವರಿಗೆ ಹಾಕಿದಳು. ಮೂವತ್ತೈದು.

ಬಸ್ಸಿನಲ್ಲಿ ಹೆಗಲ ಮೇಲೆ ಎರಡು ಸಿಕ್ಕವು. ಮೂರನೆಯದು ಪಕ್ಕದಲ್ಲಿದ್ದ ಹೆಂಗಸಿನದೋ ತನ್ನದೋ ಗೊತ್ತಾಗದೆ ಬಿಟ್ಟಳು. ಲೆಕ್ಕದಲ್ಲಿ ಮೋಸ ಅವಳಿಂದ ಆಗದು.

ಪ್ರಯೋಗಾಲಯದಲ್ಲಿ ಅವಳ ಮೇಜಿನ ಎಡಕ್ಕೆ ಶುದ್ಧತೆಯ ಮೇಜು. ಅಲ್ಲಿ ಕೂರುವ ಹಿರಿಯರಿಗೆ ಎಲ್ಲರೂ ಜರಡಿ ಸಾರ್ ಅನ್ನುತ್ತಿದ್ದರು. ಬಂದ ಬೀಜದಲ್ಲಿ ಎಷ್ಟು ಬೀಜ, ಎಷ್ಟು ಕಸ ಎಂದು ಬೇರ್ಪಡಿಸಿ ಬರೆಯುವುದು ಅವರ ಕೆಲಸ. ಮನುಷ್ಯರನ್ನೂ ಹಾಗೇ ಬೇರ್ಪಡಿಸುವುದು ಅವರ ಸ್ವಭಾವ. ಬಲಕ್ಕೆ ಒಂದು ಬಾಗಿಲು, ಅದರ ಹಿಂದೆ ಬೆಚ್ಚಗೆ ಒದ್ದೆಯಾಗಿರುವ ಮೊಳಕೆ ಕೋಣೆ. ಅದರ ಒಡತಿ ಮೊಳಕೆಯಕ್ಕ. ಮೊಣಕಾಲು ಮುಟ್ಟುವ ಜಡೆ, ಊರೆಲ್ಲ ಮುಟ್ಟುವ ಬಾಯಿ.

ಅರ್ಧ ಗಂಟೆಗೊಮ್ಮೆ ನಾನೂರಕ್ಕ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ತಲೆ ಬಗ್ಗಿಸಿ ಬಾಚಿಕೊಳ್ಳುವುದನ್ನು ಇಬ್ಬರೂ ನೋಡಿದರು. ಹತ್ತು ಗಂಟೆಗೆ ತಡೆದುಕೊಂಡರು. ಹತ್ತೂವರೆಗೆ ತಡೆಯಲಾಗಲಿಲ್ಲ.

"ಏನೇ ನಾನೂರು, ಹೇನಾ?" ಅಂದಳು ಮೊಳಕೆಯಕ್ಕ.

ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ನಾನೂರಕ್ಕ ಎಲ್ಲವನ್ನೂ ಹೇಳಿದಳು. ಹೇಳಿದ ಮೇಲೆ ಬಂದದ್ದು ಸಮಾಧಾನವಲ್ಲ, ವಿಚಾರ ಸಂಕಿರಣ.

"ನೀರು ಸರಿಯಿಲ್ಲ," ಅಂದಳು ಮೊಳಕೆಯಕ್ಕ. "ಬಿಗಿಯಾಗಿ ಕಟ್ಟಬಾರ್ದು. ಊಟ ಬಿಡಬಾರ್ದು. ಯೋಚನೆ ಮಾಡಬಾರ್ದು. ನನ್ನ ನೋಡು, ನಾನು ಯೋಚ್ನೆನೇ ಮಾಡಲ್ಲ."

"ಅದು ನಮಗೂ ಗೊತ್ತು," ಅಂದರು ಜರಡಿ ಸಾರ್. "ನೋಡಮ್ಮಾ, ತೆನೆಯಿಂದ ಕಾಳು ಉದುರೋದು ಯಾವಾಗ? ಹಣ್ಣಾದಾಗ. ವಯಸ್ಸಾಯ್ತು ಅಂತ ಅರ್ಥ. ಇದಕ್ಕೆ ಡಾಕ್ಟ್ರು ಯಾಕೆ?"

"ನನಗಿನ್ನೂ ನಲವತ್ತೊಂದು ಸಾರ್!"

"ಅದೇ ಹೇಳಿದ್ದು."

ಅವಳು ಓದದ್ದು ಏನೂ ಇರಲಿಲ್ಲ. ಕಬ್ಬಿಣ ಕಡಿಮೆಯಾದರೆ ಉದುರುತ್ತದೆ, ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಉದುರುತ್ತದೆ, ಹೆರಿಗೆಯಾದ ಮೇಲೆ ಉದುರುತ್ತದೆ, ಅಮ್ಮನ ವಂಶದಿಂದಲೋ ಅಪ್ಪನ ವಂಶದಿಂದಲೋ ಬಂದು ನೆತ್ತಿಯಲ್ಲಿ ತೆಳುವಾಗುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಔಷಧಿ. ಬೇಗ ಶುರು ಮಾಡಿದರೆ ಉಳಿದದ್ದಾದರೂ ಉಳಿಯುತ್ತದೆ, ತಡವಾದಷ್ಟೂ ಕಷ್ಟ. ಇದನ್ನು ಓದಿದಾಗಿನಿಂದ ಅವಳಿಗೆ ನಿದ್ದೆ ಸರಿಯಿಲ್ಲ. ನಿದ್ದೆ ಸರಿಯಿಲ್ಲದಿದ್ದರೂ ಉದುರುತ್ತದೆ ಎಂದು ಇನ್ನೊಂದು ಕಡೆ ಓದಿದಳು.

ಊಟದ ಹೊತ್ತಿಗೆ ಎಪ್ಪತ್ತೊಂದು. ಆಮೇಲೆ ಗಾಡಿ ನಿಂತೇಹೋಯಿತು. ಒಂದು ಗಂಟೆಗೆ ಬಾಚಿದಳು, ಒಂದೇ ಬಂತು. ಒಂದೂವರೆಗೆ ಬಾಚಿದಳು, ಒಂದೂ ಬರಲಿಲ್ಲ. "ಉದುರು ತಾಯೀ, ಇವತ್ತೊಂದು ದಿನ ಉದುರು," ಎಂದು ತನ್ನ ತಲೆಯನ್ನೇ ಬೇಡಿಕೊಂಡಳು. ಎಂಥ ಬಾಳು ಬಂತು ನನಗೆ ಎಂದುಕೊಂಡಳು.

ಮೊಳಕೆಯಕ್ಕನಿಗೆ ಅಯ್ಯೋ ಅನ್ನಿಸಿತು. "ಬಾರೇ ನನ್ನ ಕೋಣೆಗೆ. ತಲೆ ಬೆವರಿ ಕೂದಲು ಒದ್ದೆ ಆದ್ರೆ, ಒಳಗೆ ಸಿಕ್ಕಾಕ್ಕೊಂಡಿರೋದೆಲ್ಲ ಬಾಚಿದಾಗ ಬರುತ್ತೆ," ಎಂದು ಕೈಹಿಡಿದು ಎಳೆದುಕೊಂಡು ಹೋದಳು. ಮೊಳಕೆ ಕೋಣೆಯಲ್ಲಿ ಟೊಮೆಟೊ, ಮೂಲಂಗಿ, ಜೋಳದ ತಟ್ಟೆಗಳ ನಡುವೆ ಸ್ಟೂಲು ಹಾಕಿ ಕೂರಿಸಿದಳು. ಸುತ್ತಲೂ ಹಸಿರು ಮೊಳಕೆಗಳು ತಲೆ ಎತ್ತಿ ನಿಂತಿದ್ದವು. ಸತ್ತಂತಿದ್ದ ಬೀಜಕ್ಕೂ ಇಲ್ಲಿ ನಾಲ್ಕು ದಿನದಲ್ಲಿ ಕೂದಲಿನಂಥ ಬೇರು ಬರುತ್ತಿತ್ತು. ನಾನೂರಕ್ಕ ಅವುಗಳನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತ ಮುಕ್ಕಾಲು ಗಂಟೆ ಬೆವರಿದಳು.

ಹೊರಗೆ ಬಂದು ಬಾಚಿದಳು. ಮೊಳಕೆಯಕ್ಕನ ಬಾಯಲ್ಲಿ ಜೀವಮಾನದಲ್ಲಿ ಒಂದು ನಿಜ ಬಂದಿತ್ತು. ಎಣಿಸಿದಳು: ಮೂವತ್ತೈದು. ಒಟ್ಟು ನೂರೇಳು.

ಎರಡನೇ ಸಲ ಎಣಿಸಿದಳು. ನೂರೇಳೇ. ಕವರಿನ ಬಾಯಿ ಮಡಚಿ, ಹದಿನೆಂಟು ವರ್ಷದ ಅಭ್ಯಾಸದಂತೆ ಅದರ ಮೂಲೆಯಲ್ಲಿ ದಿನಾಂಕ, ವೇಳೆ, ಸಂಖ್ಯೆ ಬರೆದು, ಎಂದಿನಂತೆ ಕೆಳಗೆ ಒಂದು ಗೆರೆ ಎಳೆದು, ಮೇಜಿನ ಎಡ ಅಂಚಿನಲ್ಲಿಟ್ಟಳು. ಅಷ್ಟರಲ್ಲಿ ದೊಡ್ಡ ಸಾಹೇಬರ ಕರೆ ಬಂತು.

ಸಾಹೇಬರು ಒಂದು ವರದಿ ಮುಂದೆ ಹಿಡಿದರು. "ಏನ್ರೀ ಇದು? ಈ ತಟ್ಟೆಯಲ್ಲಿ ಮುನ್ನೂರ ತೊಂಬತ್ತೆಂಟು ಬೀಜ ಇದೆಯಂತೆ. ನಿಮ್ಮಿಂದ ಹೀಗಾ? ತಲೆ ಎಲ್ಲಿಟ್ಟಿದ್ರಿ?"

ತಲೆ ಎಲ್ಲಿಟ್ಟಿದ್ದಳೆಂದು ಹೇಳುವಂತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿ ಬೈಸಿಕೊಂಡು ಅರ್ಧ ಗಂಟೆಯ ಮೇಲೆ ಮೇಜಿಗೆ ಮರಳಿದಳು. ಕವರ್ ಇರಲಿಲ್ಲ.

ಮೇಜಿನ ಮೇಲೆ ಇರಲಿಲ್ಲ, ಕೆಳಗೆ ಇರಲಿಲ್ಲ, ಡ್ರಾಯರಿನಲ್ಲಿ ಇರಲಿಲ್ಲ. ನಾನೂರಕ್ಕ ಜರಡಿ ಸಾರ್ ಕಡೆ ತಿರುಗಿದಳು. ಅವರ ಮೇಜಿನ ಮೇಲೆ ಅಂಥದೇ ಕಂದು ಕವರುಗಳು ಎರಡು ಡಜನ್ ಇದ್ದವು. ಎಡ ಅಂಚಿನಲ್ಲಿಟ್ಟ ಕವರ್ ಅಂದರೆ ಎಣಿಕೆ ಮುಗಿದು ಉಳಿದ ಬೀಜದ, ಶುದ್ಧತೆಗೆ ಹೋಗಬೇಕಾದ ಕವರ್. ಹದಿನೆಂಟು ವರ್ಷದಿಂದ ದಿನಾ ಮೂರು ಗಂಟೆಗೆ ಅವರು ಅದನ್ನು ಎತ್ತಿಕೊಂಡು ಹೋಗುತ್ತಿದ್ದರು.

"ಸಾರ್, ನನ್ನ ಕವರ್..."

"ಯಾವುದು? ಆ ಕೂದಲಿನದ್ದಾ?" ಜರಡಿ ಸಾರ್ ಕನ್ನಡಕ ಮೇಲೇರಿಸಿದರು. "ಪರೀಕ್ಷೆ ಆಯ್ತಲ್ಲ."

"ಪರೀಕ್ಷೆ?"

ಅವರು ವರದಿಯನ್ನು ಮುಂದೆ ತಳ್ಳಿದರು. ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಮಾಡಿ ಮೊಹರು ಒತ್ತಿದ್ದರು. ಶುದ್ಧ ಬೀಜ: ಸೊನ್ನೆ. ಬೇರೆ ಬೆಳೆಯ ಬೀಜ: ಸೊನ್ನೆ. ಕಸ: ನೂರಕ್ಕೆ ನೂರು. ಷರಾ: ಬಿತ್ತನೆಗೆ ಯೋಗ್ಯವಲ್ಲ. ಕಳಿಸಿದವರಿಗೆ ಎಚ್ಚರಿಕೆ ಕೊಡುವುದು.

"ಕೂದಲು ಅಂತ ಗೊತ್ತಿದ್ದೂ ಯಾಕೆ ಮಾಡಿದ್ರಿ ಸಾರ್? ಬೆಳಿಗ್ಗೆ ಹೇಳಿದ್ದೆನಲ್ಲ!"

"ನೀನು ಹೇಳಿದ್ದೆ, ನಿಜ. ಆದ್ರೆ ಕವರ್ ಮೇಲೆ ದಿನಾಂಕ ಇತ್ತು, ಸಂಖ್ಯೆ ಇತ್ತು, ಗೆರೆ ಇತ್ತು. ಮಾದರಿಯಲ್ಲಿ ಏನಿದೆ ಅಂತ ಬರೆಯೋದು ನನ್ನ ಕೆಲ್ಸ, ಯಾಕಿದೆ ಅಂತ ಕೇಳೋದಲ್ಲ. ನಾನೂ ಅಂದ್ಕೊಂಡೆ, ಮೂವತ್ತು ವರ್ಷದಲ್ಲಿ ಇಷ್ಟು ಕೆಟ್ಟ ಮಾದರಿ ನೋಡಿರ್ಲಿಲ್ಲ ಅಂತ."

"ಈಗ ಎಲ್ಲಿದೆ?"

"ಕಸ ಎಲ್ಲಿ ಹೋಗುತ್ತೆ? ಒಲೆಗೆ. ಮೂರೂವರೆಗೆ ಸುಟ್ಟಾಯ್ತು."

ನಾನೂರಕ್ಕ ಕುರ್ಚಿಯ ಮೇಲೆ ಕುಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರು ತಿಂಗಳು ಕಾದದ್ದು, ಬೀದಿಯಲ್ಲಿ ಬಗ್ಗಿ ಹೆಕ್ಕಿದ್ದು, ಮೂಲಂಗಿಗಳ ನಡುವೆ ಬೆವರಿದ್ದು, ಎಲ್ಲ ಹೊಗೆಯಾಗಿ ಹೋಯಿತು. ಇನ್ನು ಸರದಿ ಸಿಗಲು ಮತ್ತೆ ಮೂರು ತಿಂಗಳು. ಅಷ್ಟರಲ್ಲಿ ತಲೆಯ ಮೇಲೆ ಏನು ಉಳಿದಿರುತ್ತದೆ? ಅವಳು ಮುಚ್ಚುಮರೆಯಿಲ್ಲದೆ ಅತ್ತಳು. ಜರಡಿ ಸಾರ್ ಆಗ ಮೊದಲ ಬಾರಿ ತಮ್ಮನ್ನೇ ಕಸದ ಕಡೆಗೆ ಬೇರ್ಪಡಿಸಿಕೊಂಡವರಂತೆ ತಲೆ ತಗ್ಗಿಸಿದರು.

ಮೊಳಕೆಯಕ್ಕ ಓಡಿಬಂದಳು. ವಿಷಯ ತಿಳಿದು, "ಅಷ್ಟೇನಾ!" ಅಂದಳು. "ಮಾದರಿ ಚೆಲ್ಲಿಹೋದ್ರೆ ನಾವೇನು ಮಾಡ್ತೀವಿ? ಮೂಟೆಯಿಂದ ಮತ್ತೆ ತೆಗೀತೀವಿ. ಮೂಟೆ ಇಲ್ಲೇ ಇದೆಯಲ್ಲ," ಎಂದು ನಾನೂರಕ್ಕನ ತಲೆಯ ಕಡೆ ಕೈ ಚಾಚಿದಳು.

"ಮುಟ್ಬೇಡಿ ಅಕ್ಕಾ! ಇರೋದನ್ನ ಉಳಿಸ್ಕೊಳ್ಳೋಕೆ ತಾನೇ ಇಷ್ಟೆಲ್ಲ!"

"ಹಾಗಾದ್ರೆ ನನ್ನದು ತಗೋ." ಮೊಳಕೆಯಕ್ಕ ಜಡೆ ಬಿಚ್ಚಿದಳು. ಕಪ್ಪು ಕೂದಲು ಕುರ್ಚಿಯ ಸುತ್ತ ಹರಡಿತು. "ಅದೇ ಬಣ್ಣ. ಉದ್ದ ಜಾಸ್ತಿ ಆಯ್ತಾ, ತುದಿ ಕತ್ತರಿಸು. ನೂರೇಳು ಹೋದ್ರೆ ನನಗೆ ಲೆಕ್ಕಕ್ಕೇ ಇಲ್ಲ."

ನಾನೂರಕ್ಕನ ಮನಸ್ಸು ಒಪ್ಪಲಿಲ್ಲ. ಆದರೆ ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು. ಸಂಖ್ಯೆಯಂತೂ ಸುಳ್ಳಲ್ಲ, ನೂರೇಳು ನಿಜವಾಗಿಯೂ ಉದುರಿತ್ತು. ಡಾಕ್ಟರಿಗೆ ಬೇಕಾದದ್ದು ಸಂಖ್ಯೆ. ಕೂದಲು ಯಾರದಾದರೇನು?

"ನೂರೇಳೇ ಇರ್ಬೇಕು. ಒಂದೂ ಹೆಚ್ಚಿರಬಾರ್ದು," ಅಂದಳು.

"ಇನ್ನೂರು ಮಾಡ್ಕೊಳ್ಳೇ, ಔಷಧಿ ಗಟ್ಟಿಯಾಗಿ ಕೊಡ್ತಾರೆ."

"ಬೇಡ. ಅದು ಮೋಸ."

ತಪ್ಪು ತಮ್ಮದಾದ್ದರಿಂದ ಜರಡಿ ಸಾರ್ ಕೆಲಸಕ್ಕೆ ತಾವೇ ಯಜಮಾನರಾದರು. ಮೊದಲು ಮೊಳಕೆಯಕ್ಕ ಬಾಚಿಕೊಂಡಳು. ಒಂದೇ ಉದುರಿತು. ಆ ತಲೆಯಿಂದ ಕೂದಲು ತಾನಾಗಿ ಬೀಳುವ ಹಾಗೇ ಇರಲಿಲ್ಲ. ಮೊಳಕೆಯಕ್ಕ ಕತ್ತರಿ ತೆಗೆದುಕೊಂಡು ಒಂದು ಎಳೆ ಕತ್ತರಿಸಿ ಕೊಟ್ಟಳು. ಜರಡಿ ಸಾರ್ ಭೂತಗನ್ನಡಿಯಲ್ಲಿ ನೋಡಿ ಪಕ್ಕಕ್ಕೆ ಎಸೆದರು.

"ತಿರಸ್ಕಾರ. ಬುಡ ಇಲ್ಲ. ಬುಡ ಇಲ್ಲದ್ದು ತುಂಡು ಬೀಜ ಇದ್ದ ಹಾಗೆ, ಯಾವ ಡಾಕ್ಟ್ರೂ ಒಪ್ಪಲ್ಲ. ಚಿಮಟ ಕೊಡಿ ಇಲ್ಲಿ, ಬುಡಸಮೇತ ಬರ್ಬೇಕು. ಒಂದೇ ಕಡೆಯಿಂದ ತೆಗೀಬಾರ್ದು. ಮೂಟೆಯ ಮೇಲಿಂದ, ಮಧ್ಯದಿಂದ, ತಳದಿಂದ, ನಾಲ್ಕೂ ಮೂಲೆಯಿಂದ ತೆಗೀಬೇಕು. ಆಗಲೇ ಸರಿಯಾದ ಮಾದರಿ."

ಅವರೇ ಮೂರು ಎಳೆ ಕಿತ್ತರು, ಮೂರೂ ಬುಡ ಮುರಿದು ತಿರಸ್ಕಾರವಾದವು. ನಾಲ್ಕನೇ ಸಲ ಕೂದಲಿನ ಬದಲು ಮೊಳಕೆಯಕ್ಕನ ಕಿವಿ ಸಿಕ್ಕಿದಾಗ ಅವಳು ಚಿಮಟ ಕಿತ್ತು ನಾನೂರಕ್ಕನ ಕೈಗೆ ಕೊಟ್ಟಳು. "ನೀನೇ ಮಾಡು, ನಿನ್ನ ಕೈ ಹಗುರ."

ನಾನೂರಕ್ಕ ಬೀಜ ಹೆಕ್ಕುವ ಅದೇ ಹದದಲ್ಲಿ ಒಂದೊಂದಾಗಿ ಕಿತ್ತಳು. ಒಂದು, ಅಮ್ಮಾ. ಎರಡು, ಅಯ್ಯೋ. ನಲವತ್ತರ ನಂತರ ಮೊಳಕೆಯಕ್ಕನ ಸದ್ದು ನಿಂತು ಕಣ್ಣೀರು ಮಾತ್ರ ಉಳಿಯಿತು. ಜರಡಿ ಸಾರ್ ಒಂದೊಂದನ್ನೂ ಭೂತಗನ್ನಡಿಯ ಕೆಳಗೆ ಹಿಡಿದು ನರೆತದ್ದು, ಸೀಳಿದ್ದು, ಬುಡ ಮುರಿದದ್ದು ಎಲ್ಲವನ್ನೂ ಬದಿಗಿಟ್ಟರು. ಅವರ ಕೈಯಿಂದ ನೂರೇಳು ತೇರ್ಗಡೆಯಾಗಲು ನಾನೂರಕ್ಕ ನೂರ ಮೂವತ್ತು ಕೀಳಬೇಕಾಯಿತು.

"ಮೊದಲ ದರ್ಜೆ," ಅಂದರು ಕವರ್ ಮಡಚುತ್ತ. "ಒಂದೊಂದೂ ಆಣಿಮುತ್ತು. ಇದನ್ನ ಯಾರು ಬೇಕಾದ್ರೂ ಪರೀಕ್ಷೆ ಮಾಡ್ಲಿ."

ನಾನೂರಕ್ಕ ಮೊಳಕೆಯಕ್ಕನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಮೊಳಕೆಯಕ್ಕ ತಲೆ ಸವರಿಕೊಳ್ಳುತ್ತ, "ಹೋಗೇ, ಬಸ್ ಹೋಗುತ್ತೆ," ಅಂದಳು.

ಐದಕ್ಕೆ ಎರಡು ನಿಮಿಷ ಇರುವಾಗ ಡಾಕ್ಟರ ಕೋಣೆ ಹೊಕ್ಕಳು. ಡಾಕ್ಟರು ಅವಳಿಗಿಂತ ಹಿರಿಯ ಹೆಂಗಸು, ಬಿಳಿ ಕೋಟಿನ ಮೇಲೆ ತೋಳಿನ ದಪ್ಪದ ಜಡೆ ಮುಂದಕ್ಕೆ ಬಿದ್ದಿತ್ತು. ಕವರಿನ ಮೂಲೆಯಲ್ಲಿ ಬರೆದ ಸಂಖ್ಯೆ ಓದಿ ಹುಬ್ಬೇರಿಸಿದರು.

"ನೂರೇಳಾ? ನೀವೇ ಎಣಿಸಿದ್ದಾ?"

"ಎರಡು ಸಲ ಎಣಿಸಿದ್ದೀನಿ ಡಾಕ್ಟ್ರೇ."

"ಅಂದ್ರೆ ನೀವು ಹೇಳಿದ್ದು ನಿಜ. ಮೂರು ತಿಂಗಳು ಸುಮ್ನೆ ಕಾಯಿಸಿದೆ, ಬೇಜಾರು ಮಾಡ್ಕೋಬೇಡಿ," ಅಂದರು ಡಾಕ್ಟರು. ಚೀಟಿ ಎಳೆದುಕೊಂಡು ಬರೆಯತೊಡಗಿದರು. "ಇದಕ್ಕೆ ಔಷಧಿ ಇದೆ. ದಿನಾ ನೆತ್ತಿಗೆ ಹಚ್ಚಬೇಕು, ತಾಳ್ಮೆ ಬೇಕು, ಆರು ತಿಂಗಳಾದ್ರೂ ಬೇಕು. ಆದ್ರೆ ನಿಲ್ಲುತ್ತೆ."

ನಾನೂರಕ್ಕನ ಕಣ್ಣು ತುಂಬಿ ಬಂತು. ನಿಜ ಎಂದು ಒಬ್ಬರಾದರೂ ಅಂದರು. ಒಂದೂವರೆ ವರ್ಷದಲ್ಲಿ ಇದೇ ಮೊದಲು. ಔಷಧಿ ಹಚ್ಚುವ ಮೊದಲೇ ತಲೆ ಹಗುರಾದ ಹಾಗಾಯಿತು.

"ಒಂದ್ಸಲ ಬುಡ ನೋಡಿಬಿಡ್ತೀನಿ. ಯಾವ ಔಷಧಿ ಅಂತ ಖಾತ್ರಿ ಆಗುತ್ತೆ," ಎಂದು ಡಾಕ್ಟರು ನಾಲ್ಕು ಎಳೆಗಳನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ತೆಗೆದು ಬೇರೆ ನಾಲ್ಕು ಇಟ್ಟರು. ಇನ್ನೂ ನಾಲ್ಕು. ಆಮೇಲೆ ಬರೆದ ಚೀಟಿಯನ್ನು ನಿಧಾನವಾಗಿ ಎರಡು ತುಂಡು ಮಾಡಿದರು.

"ಇದು ಉದುರಿದ ಕೂದಲಲ್ಲಮ್ಮಾ," ಅಂದರು, ದನಿ ಬಹಳ ಮೃದುವಾಗಿತ್ತು. "ತಾನಾಗಿ ಉದುರಿದ್ದರ ಬುಡ ಒಣಗಿರುತ್ತೆ, ಸಣ್ಣ ಬಿಳಿ ಗುಂಡಿನ ಹಾಗೆ. ಇವೆಲ್ಲ ಹಸಿ ಬುಡ, ಪೊರೆ ಸಮೇತ ಬಂದಿದೆ. ಒಳ್ಳೆ ಆರೋಗ್ಯವಾಗಿರೋ ಕೂದಲು. ಇದನ್ನ ಕಿತ್ತಿದ್ದಾರೆ."

ನಾನೂರಕ್ಕನಿಗೆ ಜರಡಿ ಸಾರ್ ಮೊದಲ ದರ್ಜೆ ಅಂದದ್ದು ನೆನಪಾಯಿತು.

"ನಾಚ್ಕೋಬೇಡಿ," ಅಂದರು ಡಾಕ್ಟರು. "ಎಷ್ಟೋ ಜನಕ್ಕೆ ಇದೆ. ಮನಸ್ಸಿಗೆ ಬೇಜಾರಾದಾಗ ಕೈ ತಾನಾಗೇ ತಲೆಗೆ ಹೋಗಿ ಕೀಳುತ್ತೆ. ಅದು ತಪ್ಪಲ್ಲ, ಒಂದು ಕಾಯಿಲೆ. ಆದ್ರೆ ನನ್ನ ಔಷಧಿಗೆ ಹೋಗಲ್ಲ. ಮನಸ್ಸಿನ ಡಾಕ್ಟ್ರಿಗೆ ಬರೆದು ಕೊಡ್ತೀನಿ."

"ನಾನು ಕೀಳಲ್ಲ ಡಾಕ್ಟ್ರೇ!"

"ಎಲ್ಲರೂ ಮೊದಲು ಹಾಗೇ ಹೇಳ್ತಾರೆ."

ಇನ್ನು ನಿಜ ಹೇಳದೆ ದಾರಿಯಿರಲಿಲ್ಲ. "ಇದು ನನ್ನ ಕೂದಲೇ ಅಲ್ಲ ಡಾಕ್ಟ್ರೇ."

ಡಾಕ್ಟರ ಪೆನ್ನು ನಿಂತಿತು. "ಮತ್ತೆ ಯಾರದ್ದು?"

"ನಮ್ಮ ಆಫೀಸಿನ ಅಕ್ಕಂದು. ನನ್ನದು ಸುಟ್ಟುಹೋಯ್ತು. ಅದಕ್ಕೆ..."

"ಅವರ ತಲೆಯಿಂದ ಇದನ್ನ ಕಿತ್ತಿದ್ದು ಯಾರು?"

ಸುಳ್ಳು ಹೇಳಬಹುದಿತ್ತು. ಜರಡಿ ಸಾರ್ ಅನ್ನಬಹುದಿತ್ತು. ಆದರೆ ಅವರು ಕಿತ್ತದ್ದು ಮೂರೇ ಮೂರು, ಅದೂ ತಿರಸ್ಕಾರವಾಗಿತ್ತು. ಲೆಕ್ಕ ಅಂದರೆ ಲೆಕ್ಕ.

"ನಾನೇ," ಅಂದಳು ನಾನೂರಕ್ಕ. "ಚಿಮಟದಲ್ಲಿ."

"ನೂರೇಳೂ?"

"ನೂರ ಮೂವತ್ತು. ಚೆನ್ನಾಗಿರೋದನ್ನ ಆರಿಸಿ ತಂದೆ."

"ಅವರಿಗೆ ನೋವಾಗ್ಲಿಲ್ವಾ?"

"ಆಯ್ತು. ಅತ್ತರು."

ಡಾಕ್ಟರು ಚೀಟಿಯ ಮೇಲೆ ಒಂದು ಸಾಲು ಬರೆದರು. ಉಲ್ಟಾ ಕಂಡರೂ ನಾನೂರಕ್ಕ ಓದಿಕೊಂಡಳು: ಬೇರೆಯವರ ಕೂದಲನ್ನೂ ಕೀಳುತ್ತಾರೆ. ಬರೆದು ಮುಗಿಸಿ ಅವರು ಮುಂದಕ್ಕೆ ಬಿದ್ದಿದ್ದ ಜಡೆಯನ್ನು ಮೆಲ್ಲಗೆ ಎತ್ತಿ ಕೋಟಿನೊಳಗೆ ಸೇರಿಸಿ, ಗುಂಡಿ ಹಾಕಿ, ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು.

"ಡಾಕ್ಟ್ರೇ, ನನ್ನ ಮಾತು ನಂಬಿ. ನಿಜವಾಗ್ಲೂ ಉದುರ್ತಿದೆ. ನೋಡಿ, ನಾನು ಎಳೆಯೋದೇ ಬೇಡ, ಸುಮ್ನೆ ಮುಟ್ಟಿದ್ರೆ ಸಾಕು..." ಎಂದು ನಾನೂರಕ್ಕ ಎರಡೂ ಕೈಗಳನ್ನು ತಲೆಯೊಳಗೆ ಆಡಿಸಿ ಮುಂದೆ ಚಾಚಿದಳು. ಬೆರಳ ಸಂದಿಯಲ್ಲಿ ಏಳು ಕೂದಲು ಬಂದಿದ್ದವು. ಅವಳವೇ, ತೆಳ್ಳಗಿನವು, ಒಂದೊಂದರ ಬುಡದಲ್ಲೂ ಸಣ್ಣ ಒಣ ಬಿಳಿ ಗುಂಡು.

ಡಾಕ್ಟರು ಅದನ್ನು ಗಾಜಿನ ಮೇಲೆ ಇಡಲಿಲ್ಲ. ಗಂಟೆ ಒತ್ತಿ ನರ್ಸಮ್ಮನನ್ನು ಕರೆದು, "ಇವರ ಎರಡೂ ಕೈ ಸ್ವಲ್ಪ ಹಿಡ್ಕೊಳ್ಳಿ," ಅಂದರು.